ಗಸಿ ಮನೆಯಲ್ಲಿ, ತಿಳಿ ಕಾರಿನಲ್ಲಿ: ಮನೆಯ ಬಿಯರನ್ನು ಪೀಪಾಯಿಯಲ್ಲಿ ತಿಳಿಗೊಳಿಸಿ ಸಾಗಿಸುವ ಸಮಗ್ರ ಮಾರ್ಗದರ್ಶಿ

ಬುಧವಾರ ಗ್ಯಾರೇಜಿನಲ್ಲಿ ಲೋಟ ಎತ್ತಿ ಹಿಡಿದರೆ ಆಚೆಗಿರುವ ಪತ್ರಿಕೆಯ ಅಕ್ಷರ ಓದಬಹುದು, ಬಿಯರ್ ಅಷ್ಟು ತಿಳಿ. ಶನಿವಾರ ಅದೇ ಪೀಪಾಯಿ ಎಂ40 ಹೆದ್ದಾರಿಯಲ್ಲಿ ಎರಡೂವರೆ ಗಂಟೆ ಕುಲುಕಿ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್ ತಲುಪುತ್ತದೆ. ಸಂಜೆ ನಲ್ಲಿ ತಿರುಗಿಸಿದರೆ ಬರುವುದು ಅಕ್ಕಚ್ಚು. ರುಚಿಯೂ ಕೆಟ್ಟಿರುತ್ತದೆ. ನಾಲಿಗೆಗೆ ಹಸಿ ಹಿಟ್ಟಿನ ಒಗರು, ಮಾರನೆಯ ದಿನ ಹೊಟ್ಟೆಯುಬ್ಬರ.

ಇದಕ್ಕೆ ಯೀಸ್ಟನ್ನೋ ಫೈನಿಂಗ್ಸನ್ನೋ (ಬಗ್ಗಡವನ್ನು ತಳಕ್ಕೆ ಇಳಿಸುವ ಮದ್ದು) ಬೈದು ಪ್ರಯೋಜನವಿಲ್ಲ. ತಿಳಿಯ ಜೊತೆ ಗಸಿಯೂ ಕಾರು ಹತ್ತಿತು, ಅಷ್ಟೆ. ತಿಳಿಸಾರಿನ ಪಾತ್ರೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋಗಿ, ಇಳಿಸಿದ ತಕ್ಷಣ ಮೇಲಿನ ತಿಳಿ ಬಡಿಸಲು ಹೊರಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಕೆಲಸ ಕಷ್ಟದ್ದಲ್ಲ. ಬಹುತೇಕರು ತಪ್ಪುವುದು ಕೆಲಸಗಳ ಅನುಕ್ರಮದಲ್ಲಿ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಬರೆದಿರುವುದು ಬ್ರಿಟನ್ನಿನಲ್ಲಿ ಇರುವವರಿಗೆ. ಅಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದೇ ಅಪರಾಧ. ಊರಿಗೆ ಬಂದಾಗ ಇದನ್ನು ಪ್ರಯೋಗಿಸಬೇಡಿ.

## 1. ಮೊದಲು ದಾರಿ ಆರಿಸಿ

ಇರುವುದು ಎರಡೇ ದಾರಿ.

ಮೊದಲನೆಯದು ತಿಳಿ ದಾರಿ. ಬಿಯರನ್ನು ಮನೆಯಲ್ಲೇ ಪೂರ್ತಿ ತಿಳಿಗೊಳಿಸಿ, ಗಸಿ ಬಿಟ್ಟು ಬೇರೆ ಪೀಪಾಯಿಗೆ ಬಸಿದು, ಆ ಪೀಪಾಯಿಯನ್ನು ಮಾತ್ರ ಒಯ್ಯುವುದು. ತಲುಪಿದ ಅರ್ಧ ಗಂಟೆಯಲ್ಲಿ ಸುರಿಯಬಹುದು. ಆದರೆ ಈ ಬಿಯರಿನ ಆಯಸ್ಸು ಕಡಿಮೆ. ಬಸಿಯುವಾಗ ಸ್ವಲ್ಪವಾದರೂ ಗಾಳಿ ಸೇರುತ್ತದೆ, ಆ ಆಮ್ಲಜನಕವನ್ನು ತಿಂದುಹಾಕುವ ಯೀಸ್ಟ್ ಈಗ ಅದರಲ್ಲಿಲ್ಲ. ಒಂದೆರಡು ದಿನದಲ್ಲಿ ಮುಗಿಸಬೇಕು.

ಎರಡನೆಯದು ಗಸಿ ದಾರಿ. ಯೀಸ್ಟ್ ಸಮೇತ ಒಯ್ದು, ಅಲ್ಲೇ ಕೂರಿಸಿ, ಅಲ್ಲೇ ತಿಳಿಯಾಗಲು ಬಿಡುವುದು. ಬ್ರಿಟಿಷ್ ಪಬ್‌ಗಳ ಕಾಸ್ಕ್ ಏಲ್ (ಪೀಪಾಯಿಯಲ್ಲೇ ಹದವಾಗುವ ಬಿಯರ್) ಹೀಗೇ ಬರುತ್ತದೆ. ಬಿಯರ್ ಹೆಚ್ಚು ದಿನ ತಾಜಾ ಇರುತ್ತದೆ, ಆದರೆ ಪಾರ್ಟಿಗೆ 48 ಗಂಟೆ ಮೊದಲು ಪೀಪಾಯಿ ಅಲ್ಲಿರಬೇಕು, ಆಮೇಲೆ ಯಾರೂ ಅದನ್ನು ಮುಟ್ಟಬಾರದು.

ಶನಿವಾರ ಬೆಳಗ್ಗೆ ಹೊರಟು ಸಂಜೆ ಸುರಿಯುವವರಿಗೆ ತಿಳಿ ದಾರಿಯೊಂದೇ ಗತಿ. ಗುರುವಾರವೇ ಯಾರದೋ ಮನೆಯ ತಂಪು ಮೂಲೆಯಲ್ಲಿ ಇಟ್ಟುಬರಬಲ್ಲವರು ಗಸಿ ದಾರಿ ಹಿಡಿಯಬಹುದು. ಗಸಿ ದಾರಿಯ ಪೀಪಾಯಿಯನ್ನು ತಿಳಿ ದಾರಿಯ ಸಮಯದಲ್ಲಿ ಒಯ್ಯುವುದೇ ಹೆಚ್ಚಿನವರು ಮಾಡುವ ತಪ್ಪು.

## 2. ಬೇಕಾದ ಸಾಮಾನು

ಮನೆಯಲ್ಲಿ ತಿಳಿಗೊಳಿಸಲು ಸಾಮಾನ್ಯ ಪ್ಲಾಸ್ಟಿಕ್ ಪ್ರೆಷರ್ ಬ್ಯಾರೆಲ್ ಸಾಕು: 5 ಗ್ಯಾಲನ್, ಅಂದರೆ 40 ಪಿಂಟ್, ಸುಮಾರು 23 ಲೀಟರ್. ಮುಚ್ಚಳದಲ್ಲಿ ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಕೊಡುವ ವಾಲ್ವ್ ಇರಬೇಕು. ಅದು 8 ಗ್ರಾಂ ಬಲ್ಬ್ (ಗ್ಯಾಸ್ ತುಂಬಿದ ಪುಟ್ಟ ಲೋಹದ ಬುರುಡೆ) ಚುಚ್ಚುವ ಬಗೆಯದೋ, ಎಸ್30 ಸಿಲಿಂಡರಿನದೋ, ಯಾವುದಾದರೂ ಸರಿ.

ಒಯ್ಯಲು ಇನ್ನೊಂದು ಪಾತ್ರೆ ಬೇಕು. ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಕಾರ್ನಿ ಕೆಗ್ (19 ಲೀಟರಿನ ಸ್ಟೀಲ್ ಕೆಗ್) ಇದ್ದರೆ ಅದೇ, ಇಲ್ಲದಿದ್ದರೆ ಪಾಲಿಪಿನ್. ಪಾಲಿಪಿನ್ ಎಂದರೆ ರಟ್ಟಿನ ಡಬ್ಬದೊಳಗಿನ ಮಡಚುವ ಪ್ಲಾಸ್ಟಿಕ್ ಚೀಲ, 36 ಪಿಂಟ್, ಸುಮಾರು 20 ಲೀಟರ್. ಬಿಯರ್ ಖಾಲಿಯಾದಂತೆ ಚೀಲವೇ ಕುಗ್ಗುತ್ತದೆ, ಗಾಳಿ ಒಳಹೋಗುವುದಿಲ್ಲ, ಗ್ಯಾಸೂ ಬೇಡ. ಎರಡನೇ ಪ್ರೆಷರ್ ಬ್ಯಾರೆಲ್ ಬಳಸಬಹುದು, ಆದರೆ ಮೂರರಲ್ಲಿ ಅದು ಕೊನೆಯ ಆಯ್ಕೆ. ಏಕೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇವೆ.

ಉಳಿದದ್ದು: ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆಯುವ ತೇಲುಗೊಳವೆ), ಥರ್ಮಾಮೀಟರ್, ನಲ್ಲಿಗೆ ಬಿಗಿಯಾಗಿ ಕೂರುವ ಒಂದೂವರೆ ಮೀಟರ್ ಸಿಲಿಕೋನ್ ಟ್ಯೂಬ್, ತೊಳೆಯುವ ಅಗತ್ಯವಿಲ್ಲದ ಸ್ಯಾನಿಟೈಸರ್ (ಸ್ಟಾರ್ ಸ್ಯಾನ್ ಆದರೆ ಲೀಟರಿಗೆ ಒಂದೂವರೆ ಮಿಲಿ), ಫೈನಿಂಗ್ಸ್, ನಾಲ್ಕಾರು ಗ್ಯಾಸ್ ಬಲ್ಬ್, ಟಾರ್ಚ್, ಎರಡು ಕಟ್ಟುವ ಪಟ್ಟಿ, ಹಳೆಯ ಸ್ಲೀಪಿಂಗ್ ಬ್ಯಾಗ್.

ಯೀಸ್ಟ್ ಇನ್ನೂ ಕೊಂಡಿಲ್ಲದಿದ್ದರೆ ಒಂದು ಮಾತು. ಪ್ರಯಾಣದ ಬಿಯರಿಗೆ ಎಸ್-04 ಅಥವಾ ನಾಟಿಂಗ್‌ಹ್ಯಾಮ್ ಹಾಕಿ. ಇವು ತಳದಲ್ಲಿ ಅಂಟಿನಂತೆ ಗಟ್ಟಿಯಾಗಿ ಕೂರುತ್ತವೆ. ಯುಎಸ್-05 ಪುಡಿಪುಡಿಯಾಗಿ ಕೂತು, ಸ್ವಲ್ಪ ಅಲುಗಾಡಿದರೂ ಏಳುತ್ತದೆ. ಗೋಧಿ ಬಿಯರಿನ ಯೀಸ್ಟ್ ತೇಲುವುದಕ್ಕೇ ಹುಟ್ಟಿದ್ದು. ಬಗ್ಗಡವೇ ಶೋಭೆಯಾದ ಹೇಜಿ ಐಪಿಎ ಮಾಡಿದ್ದೀರಾದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಿಲ್ಲ.

## 3. ಖಾಲಿ ಪೀಪಾಯಿಗೆ ನೀರಿನ ಪರೀಕ್ಷೆ

ಇದನ್ನು ಬಿಡುವವರೇ ಜಾಸ್ತಿ. ಮುಚ್ಚಳದ ರಬ್ಬರ್ ವಾಷರ್ ಸೋರುತ್ತಿದ್ದರೆ ಗ್ಯಾಸ್ ರಾತ್ರಿಯಿಡೀ ಸದ್ದಿಲ್ಲದೆ ಹೋಗುತ್ತದೆ, ನಲ್ಲಿಯ ವಾಷರ್ ಸೋರಿದರೆ ಕಾರಿನ ಕಾರ್ಪೆಟ್ ತಿಂಗಳುಗಟ್ಟಲೆ ಹುಳಿ ನಾರುತ್ತದೆ.

ಎರಡು ಲೀಟರ್ ನೀರು ಹಾಕಿ, ಮುಚ್ಚಳ ಬಿಗಿಮಾಡಿ, ಒಂದು ಬಲ್ಬ್ ಗ್ಯಾಸ್ ಕೊಡಿ. ವಾಲ್ವ್, ಮುಚ್ಚಳದ ಅಂಚು, ನಲ್ಲಿಯ ಬುಡಕ್ಕೆ ಪಾತ್ರೆ ತೊಳೆಯುವ ಸೋಪಿನ ನೊರೆ ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆ. ನಂತರ ಪೀಪಾಯಿಯನ್ನು ಬುಡಮೇಲು ಮಾಡಿ ಹತ್ತು ನಿಮಿಷ ಬಿಡಿ.

ವಾಷರಿಗೆ ವ್ಯಾಸಲೀನ್ ಅಥವಾ ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ಬಹುತೇಕ ಸೋರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ವಾಷರ್ ಬದಲಿಸಿ. ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುವುದು ಪರಿಹಾರವಲ್ಲ, ವಾಷರ್ ಸೊಟ್ಟಗಾಗಿ ಇನ್ನೂ ಸೋರುತ್ತದೆ. ಒತ್ತಡ ಹೆಚ್ಚಾದಾಗ ಗ್ಯಾಸ್ ಬಿಡುವ ವಾಲ್ವಿನ ರಬ್ಬರ್ ಪಟ್ಟಿ ಒಣಗಿ ಬಿರುಕು ಬಿಟ್ಟಿದೆಯೇ ನೋಡಿ. ಅದರ ಬೆಲೆ ಅತ್ಯಲ್ಪ, ಅದು ಕೆಟ್ಟರೆ ಪೀಪಾಯಿಗೆ ಸುರಕ್ಷತೆಯೇ ಇಲ್ಲ.

## 4. ಹುದುಗುವುದು ನಿಜವಾಗಿ ಮುಗಿದಿದೆಯೇ?

ಗುಳ್ಳೆ ನಿಂತಿತು ಎಂದರೆ ಮುಗಿಯಿತು ಎಂದಲ್ಲ. ಹೈಡ್ರೋಮೀಟರ್ ಅಂಕಿ ಮೂರು ದಿನ ಒಂದೇ ಇರಬೇಕು. ಸಾಮಾನ್ಯ ಬಿಟರ್ (ಕಹಿ ರುಚಿಯ ಬ್ರಿಟಿಷ್ ಏಲ್) ಆದರೆ ಅದು 1.010ರಿಂದ 1.014ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹುದುಗುತ್ತಿರುವ ಬಿಯರಿಗೆ ಯಾವ ಫೈನಿಂಗ್ಸೂ ಹಿಡಿಯುವುದಿಲ್ಲ. ಕೆಳಗಿನಿಂದ ಏಳುವ ಗುಳ್ಳೆಗಳು ಕೂತದ್ದನ್ನೆಲ್ಲ ಮತ್ತೆ ಮೇಲಕ್ಕೆ ಹೊತ್ತು ತರುತ್ತವೆ.

ಅಂಕಿ ನಿಂತ ಮೇಲೆ ಬಿಯರನ್ನು ಪ್ರೆಷರ್ ಬ್ಯಾರೆಲ್‌ಗೆ ಇಳಿಸಿ. ಗ್ಯಾಸಿಗಾಗಿ 23 ಲೀಟರಿಗೆ 80 ಗ್ರಾಂ ಸಕ್ಕರೆ, ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ ಹಾಕಿ. ಬಾಟಲಿಯ ಲೆಕ್ಕದಲ್ಲಿ ಲೀಟರಿಗೆ ಆರು ಗ್ರಾಂ ಸುರಿದರೆ ಪ್ಲಾಸ್ಟಿಕ್ ಪೀಪಾಯಿ ತಡೆಯುವುದಿಲ್ಲ, ವಾಲ್ವ್ ಎಲ್ಲವನ್ನೂ ಹೊರಗೆ ಬಿಡುತ್ತದೆ. 18ರಿಂದ 20 ಡಿಗ್ರಿಯಲ್ಲಿ ಒಂದು ವಾರ, ಆಮೇಲೆ ತಂಪಿಗೆ.

ಪಾಲಿಪಿನ್‌ಗೆ ಬಸಿಯುವ ಯೋಚನೆಯಿದ್ದರೆ ಸಕ್ಕರೆ 40 ಗ್ರಾಂ ಸಾಕು. ಹೆಚ್ಚು ಗ್ಯಾಸ್ ಇರುವ ಬಿಯರನ್ನು ಆ ಚೀಲಕ್ಕೆ ತುಂಬಿದರೆ ಅದು ಪೂರಿಯಂತೆ ಉಬ್ಬಿ ರಟ್ಟಿನ ಡಬ್ಬ ಹರಿಯುತ್ತದೆ.

## 5. ಇದು ಯಾವ ಬಗೆಯ ಬಗ್ಗಡ?

ಮದ್ದು ಹಾಕುವ ಮೊದಲು ಕಾಯಿಲೆ ಗೊತ್ತಿರಬೇಕು. ಒಂದು ಲೋಟ ಬಿಯರ್ ತೆಗೆದು ಹಿಂದಿನಿಂದ ಟಾರ್ಚ್ ಹಿಡಿಯಿರಿ.

ತಣ್ಣಗಿದ್ದಾಗ ಮಸುಕು, ಕೈಯಲ್ಲಿ ಹಿಡಿದು 20 ಡಿಗ್ರಿಗೆ ಬಂದ ಮೇಲೆ ತಿಳಿ: ಇದು ತಂಪಿನ ಮಸುಕು. ಪ್ರೋಟೀನ್ ಮತ್ತು ಪಾಲಿಫಿನಾಲ್ (ಒಗರಿನ ಅಂಶ) ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಕಾಣಿಸಿಕೊಳ್ಳುತ್ತವೆ, ಬಿಸಿಯಾದರೆ ಬಿಡುತ್ತವೆ. ಬಿಟರನ್ನು 12 ಡಿಗ್ರಿಯಲ್ಲಿ ಕುಡಿಯುವವರಿಗೆ ಇದು ಅಷ್ಟಾಗಿ ಕಾಡುವುದಿಲ್ಲ. ಫ್ರಿಜ್ಜಿನಿಂದ ತೆಗೆದು 4 ಡಿಗ್ರಿಯಲ್ಲಿ ಕುಡಿಯುವವರಿಗೆ ಕಾಡುತ್ತದೆ.

ಲೋಟವನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟಾಗ ತಳದಲ್ಲಿ ಕೆನೆ ಬಣ್ಣದ ಪದರ ಕೂತು ಮೇಲೆ ತಿಳಿಯಾದರೆ ಅದು ಯೀಸ್ಟ್. ಸುಲಭದ ಕಾಯಿಲೆ, ಫೈನಿಂಗ್ಸಿಗೆ ಬಗ್ಗುತ್ತದೆ.

ಮೂರು ದಿನವಾದರೂ ಮಸುಕು ಹಾಗೇ ಇದ್ದರೆ ಒಂದು ಚಮಚ ಬಿಯರಿಗೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ ನೋಡಿ. ನೀಲಿಗಪ್ಪಾದರೆ ಪಿಷ್ಟ ಉಳಿದಿದೆ, ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆಯಾಗಿಸುವ ಹಂತ) ಸರಿಯಾಗಿ ಮುಗಿದಿಲ್ಲ. ಇದನ್ನು ಪೀಪಾಯಿಯಲ್ಲಿ ಸರಿಮಾಡಲಾಗದು. (ಆ ಚಮಚದ ಬಿಯರನ್ನು ಸಿಂಕಿಗೆ ಚೆಲ್ಲಿ, ಪೀಪಾಯಿಗೆ ಮರಳಿ ಹಾಕಬೇಡಿ.) ಕುದಿಸಿ ಆರಿಸಿದ ಮೇಲೆ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) ಧಾರಾಳವಾಗಿ ಹಾಕಿದ್ದರೆ ಅದರ ಪಾಲಿಫಿನಾಲಿನ ಮಸುಕೂ ಇರಬಹುದು, ಅದಕ್ಕೆ ಪಿವಿಪಿಪಿ ಪುಡಿ ಬೇಕು. ಮಸುಕಿನ ಜೊತೆ ಹುಳಿ ವಾಸನೆಯೂ ಇದ್ದರೆ ಸೋಂಕು. ಅಂಥ ಬಿಯರನ್ನು ತಿಳಿಗೊಳಿಸಲು ಹೊರಡುವುದು ಹಳಸಿದ ಅನ್ನಕ್ಕೆ ಒಗ್ಗರಣೆ ಕೊಟ್ಟಂತೆ.

ಮುಂದಿನ ಸಲ ಬಿಯರ್ ಕುದಿಸುವಾಗ ಕೊನೆಯ 10–15 ನಿಮಿಷಕ್ಕೆ 23 ಲೀಟರಿಗೆ ಅರ್ಧ ಪ್ರೋಟೋಫ್ಲಾಕ್ ಮಾತ್ರೆ ಹಾಕಿ. ಇದು ಕಡಲಪಾಚಿಯಿಂದ ಮಾಡಿದ್ದು. ಪ್ರೋಟೀನನ್ನು ಆಗಲೇ ಕೆಳಗೆ ಕೂರಿಸಿ ಅರ್ಧ ತೊಂದರೆಯನ್ನು ಒಲೆಯ ಮೇಲೇ ಮುಗಿಸುತ್ತದೆ.

## 6. ತಂಪು ಮಾಡಿ, ಪೀಪಾಯಿಯನ್ನು ಓರೆಯಾಗಿ ಕೂರಿಸಿ

ಇರುವ ನಿಯಮ ಒಂದು: ಕುಡಿಯುವ ತಾಪಕ್ಕಿಂತ ತಣ್ಣಗಿನ ತಾಪದಲ್ಲಿ ತಿಳಿಗೊಳಿಸಬೇಕು. 12ರಲ್ಲಿ ಕುಡಿಯುವ ಬಿಯರಿಗೆ 8ರಿಂದ 10 ಡಿಗ್ರಿಯ ಗ್ಯಾರೇಜ್ ಸಾಕು. ತಣ್ಣಗೆ ಕುಡಿಯುವುದಾದರೆ 1ರಿಂದ 3 ಡಿಗ್ರಿಯಲ್ಲಿ ಮೂರರಿಂದ ಐದು ದಿನ.

ತಣ್ಣಗಾದಾಗ ಒಳಗಿನ ಗ್ಯಾಸ್ ಕುಗ್ಗಿ ಬಿಯರಿನಲ್ಲಿ ಕರಗುತ್ತದೆ, ಪೀಪಾಯಿಯ ಹೊಟ್ಟೆ ಒಳಕ್ಕೆ ಎಳೆದುಕೊಳ್ಳಬಹುದು. ಪಕ್ಕ ಒತ್ತಿ ನೋಡಿ, ಮೆತ್ತಗಿದ್ದರೆ ಸ್ವಲ್ಪ ಗ್ಯಾಸ್ ಕೊಡಿ. ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ ನೀರಿನ ಕೊಳವೆ) ಹಾಕಿದ ಫರ್ಮೆಂಟರನ್ನೇ (ಹುದುಗಿಸುವ ಪಾತ್ರೆ) ತಂಪಿಗೆ ಇಟ್ಟರೆ ಏರ್‌ಲಾಕಿನ ನೀರು ಒಳಗೆ ಹೀರಿಕೊಳ್ಳುತ್ತದೆ, ಹಿಂದೆಯೇ ಗಾಳಿಯೂ.

ಈಗಲೇ ಮಾಡಬೇಕಾದ, ಆಮೇಲೆ ಮಾಡಲಾಗದ ಒಂದು ಕೆಲಸವಿದೆ. ಪೀಪಾಯಿಯನ್ನು ಮೇಜಿನ ಮೇಲೆ, ಬಸಿಯುವ ಎತ್ತರದಲ್ಲೇ ಇಡಿ. ನಲ್ಲಿಯಿರುವ ಬದಿಯ ಅಡಿಗೆ ಎರಡು ಸೆಂಟಿಮೀಟರ್ ದಪ್ಪದ ಹಲಗೆ ಕೊಡಿ. ಗಸಿ ಹಿಂಬದಿಗೆ ಜಾರಿ ಕೂರುತ್ತದೆ, ನಲ್ಲಿಯ ಬಾಯಿ ತಿಳಿಯಲ್ಲಿರುತ್ತದೆ. ನೆಲದ ಮೇಲೆ ತಿಳಿಗೊಳಿಸಿ ಬಸಿಯುವ ದಿನ ಮೇಜಿಗೆ ಎತ್ತಿದರೆ ಒಂದು ವಾರದ ಶ್ರಮ ಆ ಒಂದು ಎತ್ತುವಿಕೆಯಲ್ಲಿ ಕದಡಿಹೋಗುತ್ತದೆ.

## 7. ಫೈನಿಂಗ್ಸ್: ಏನು, ಎಷ್ಟು, ಯಾವಾಗ

ಐಸಿಂಗ್ಲಾಸ್. ಮೀನಿನ ಗಾಳಿಚೀಲದಿಂದ ತೆಗೆದ ಕೊಲಾಜೆನ್. ಅದಕ್ಕೆ ಧನ ಆವೇಶ, ಯೀಸ್ಟ್ ಕೋಶಗಳಿಗೆ ಋಣ ಆವೇಶ. ಎರಡೂ ಹಿಡಿದುಕೊಂಡು ಮೋಡದಂಥ ಗುಪ್ಪೆಯಾಗಿ ಇಳಿಯುತ್ತವೆ. ಇದರ ದೊಡ್ಡ ಗುಣವೆಂದರೆ, ಅಲುಗಾಡಿಸಿ ಕದಡಿದರೂ ಮತ್ತೆ ಕೂರುತ್ತದೆ. ಎರಡು ಮೂರು ಸಲ ಸಾಧ್ಯ, ಪ್ರತಿ ಸಲವೂ ಸ್ವಲ್ಪ ನಿಧಾನ. ಗಸಿ ದಾರಿಗೆ ಇದಿಲ್ಲದೆ ಆಗದು.

ಇದರ ಶತ್ರು ಶಾಖ. ಫ್ರಿಜ್ಜಿನಲ್ಲಿಡಿ, ಹೆಪ್ಪುಗಟ್ಟಿಸಬೇಡಿ. 20 ಡಿಗ್ರಿ ದಾಟಿದ ಕಡೆ ಇಟ್ಟರೆ ಕೊಲಾಜೆನ್ ಮುರಿದು ಬರೀ ಜೆಲಟಿನ್ ಆಗುತ್ತದೆ. ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾದ ಪ್ಯಾಕೆಟ್ ಕೊಳ್ಳಬೇಡಿ. ಬಿಯರ್ 8–10 ಡಿಗ್ರಿಯಲ್ಲಿದ್ದಾಗ ಹಾಕಿ, ನಂತರ ನಿಧಾನವಾಗಿ 12ಕ್ಕೆ ಏರಲು ಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಹಾಕಿದ ಮೇಲೆ ಬಿಯರ್ ಇನ್ನೂ ತಣ್ಣಗಾಗುತ್ತ ಹೋದರೆ ಸರಿಯಾಗಿ ಕೂರುವುದಿಲ್ಲ.

ಜೆಲಟಿನ್. ತಿಳಿ ದಾರಿಗೆ ಅಗ್ಗದ, ಒಳ್ಳೆಯ ಆಯ್ಕೆ. 23 ಲೀಟರಿಗೆ ಒಂದು ಚಿಕ್ಕ ಚಮಚ, 3ರಿಂದ 5 ಗ್ರಾಂ. 150 ಮಿಲಿ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕಲಕುತ್ತ 65–70 ಡಿಗ್ರಿಗೆ ಬಿಸಿಮಾಡಿ. ಕುದಿಸಬೇಡಿ, ಕುದಿದರೆ ಅದರ ಶಕ್ತಿ ಹೋಗುತ್ತದೆ. 5 ಡಿಗ್ರಿಗಿಂತ ತಣ್ಣಗಿರುವ ಬಿಯರಿಗೆ ಸುರಿದು 48 ಗಂಟೆ ಬಿಡಿ. ಒಮ್ಮೆ ಕದಡಿದರೆ ಐಸಿಂಗ್ಲಾಸಿನಂತೆ ಮತ್ತೆ ಕೂರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಗಸಿ ದಾರಿಗೆ ಇದು ಬೇಡ.

ಆಕ್ಸಿಲರಿ ಫೈನಿಂಗ್ಸ್. ಋಣ ಆವೇಶದ ಇವು ಪ್ರೋಟೀನನ್ನು ಹಿಡಿಯುತ್ತವೆ. ಐಸಿಂಗ್ಲಾಸ್ ಒಂದೇ ಸಾಲದಿದ್ದಾಗ ಬೇಕು. ಮೊದಲು ಇದನ್ನು ಹಾಕಿ ಕಲಸಿ, ಮಾರನೆಯ ದಿನ ಐಸಿಂಗ್ಲಾಸ್. ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿದರೆ ಅವು ಪರಸ್ಪರ ಹಿಡಿದುಕೊಂಡು ಕೂರುತ್ತವೆ, ಬಿಯರಿಗೆ ಏನೂ ಮಾಡುವುದಿಲ್ಲ.

ಅತಿಥಿಗಳಲ್ಲಿ ಸಸ್ಯಾಹಾರಿಗಳಿದ್ದರೆ, ಕನ್ನಡದವರ ಕೂಟದಲ್ಲಿ ಇದ್ದೇ ಇರುತ್ತಾರೆ, ಇಲ್ಲಿ ನಿಲ್ಲಿ. ಐಸಿಂಗ್ಲಾಸ್ ಮೀನಿನದು, ಜೆಲಟಿನ್ ಹಂದಿ ಅಥವಾ ದನದ ಚರ್ಮ, ಮೂಳೆಯದು. ಬಹುಪಾಲು ಗಸಿಯಲ್ಲೇ ಉಳಿಯುತ್ತದೆ ಎಂಬ ಸಮಜಾಯಿಷಿ ಕೆಲವರಿಗೆ ಸಾಕು, ಕೆಲವರಿಗೆ ಸಾಲದು. ತೀರ್ಮಾನ ಅವರದು, ಸುರಿಯುವ ಮೊದಲೇ ಹೇಳುವ ಕರ್ತವ್ಯ ನಿಮ್ಮದು. ಇವೆರಡೂ ಬೇಡವೆಂದರೆ ಕುದಿಯುವಾಗ ಕಡಲಪಾಚಿ, ಎಸ್-04 ಯೀಸ್ಟ್, 2 ಡಿಗ್ರಿಯಲ್ಲಿ ಹತ್ತು ದಿನ. ಈ ಮೂರು ಸೇರಿದರೆ ಫೈನಿಂಗ್ಸ್ ಇಲ್ಲದೆಯೇ ಬಿಯರ್ ಸಾಕಷ್ಟು ತಿಳಿಯಾಗುತ್ತದೆ.

ಪ್ರಮಾಣದ ವಿಷಯದಲ್ಲಿ ಊಹೆ ಬೇಡ, ಬ್ರೂವರಿಗಳಂತೆ ಪರೀಕ್ಷೆ ಮಾಡಿ. ನಾಲ್ಕು ಪಾರದರ್ಶಕ ಅರ್ಧ ಲೀಟರ್ ಬಾಟಲಿಗಳಿಗೆ ಬಿಯರ್ ತುಂಬಿ. ಲೇಬಲ್ 23 ಲೀಟರಿಗೆ 230 ಮಿಲಿ ಎನ್ನುತ್ತದೆ ಎಂದುಕೊಳ್ಳಿ, ಆಗ ಅರ್ಧ ಲೀಟರಿಗೆ 5 ಮಿಲಿ. ಒಂದು ಬಾಟಲಿಗೆ ಏನೂ ಬೇಡ, ಉಳಿದವಕ್ಕೆ 2.5, 5, 7.5 ಮಿಲಿ. ತಲೆಕೆಳಗು ಮಾಡಿ ಕಲಸಿ, ತಂಪಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ನೋಡಬೇಡಿ, ತಳವನ್ನೂ ನೋಡಿ. ಬಾಟಲಿಯನ್ನು ಮೆಲ್ಲಗೆ ಓರೆ ಮಾಡಿದರೆ ಸರಿಯಾದ ಪ್ರಮಾಣದ ಗಸಿ ಒಂದು ತೆಳು ಹಾಳೆಯಂತೆ ಕೂತಲ್ಲೇ ಇರುತ್ತದೆ. ಅಳತೆ ಮೀರಿದ್ದು ಹತ್ತಿಯಂತೆ ಉಬ್ಬಿ ಎರಡು ಬೆರಳು ದಪ್ಪವಾಗಿ ತೂಗುತ್ತಿರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಿಳಿ ಎಂಬ ನಂಬಿಕೆಗೆ ಆ ನಾಲ್ಕನೇ ಬಾಟಲಿಯೇ ಉತ್ತರ.

ಹಾಕುವ ಕ್ರಮ: ಫೈನಿಂಗ್ಸನ್ನು ಒಂದು ಲೀಟರ್ ಬಿಯರಿನಲ್ಲಿ ಕಲಸಿ, ಅದನ್ನು ಪೀಪಾಯಿಗೆ ಸುರಿದು, ಶುದ್ಧ ಮಾಡಿದ ಉದ್ದ ಚಮಚದಿಂದ ನೊರೆಯೇಳದಂತೆ ಮೇಲಿನಿಂದ ಮಧ್ಯದವರೆಗೆ ತಿರುಗಿಸಿ. ಬರೀ ಮೇಲೆ ಸುರಿದು ಬಿಟ್ಟರೆ ಅದು ಒಂದು ಕಡೆ ಮುದ್ದೆಯಾಗಿ ಇಳಿಯುತ್ತದೆ. ಮುಚ್ಚಿ, ಮೇಲೆ ಉಳಿದ ಗಾಳಿಯನ್ನು ಗ್ಯಾಸ್ ಕೊಟ್ಟು ಎರಡು ಸಲ ಹೊರಹಾಕಿ.

## 8. ತಿಳಿ ಬಸಿಯುವುದು

ಶನಿವಾರದ ಪಾರ್ಟಿಗೆ ಶುಕ್ರವಾರ ರಾತ್ರಿ ಬಸಿಯಿರಿ.

ಮೊದಲು ಒತ್ತಡ ಇಳಿಸಿ, ಆದರೆ ಅರ್ಧ ಗಂಟೆ ತೆಗೆದುಕೊಂಡು. ಮುಚ್ಚಳವನ್ನು ಒಮ್ಮೆಲೇ ಸಡಿಲಿಸಿದರೆ ಸೋಡಾ ಬಾಟಲಿ ತೆರೆದಂತೆ ಬಿಯರಿನೊಳಗೆಲ್ಲ ಗುಳ್ಳೆ ಹುಟ್ಟುತ್ತದೆ, ಗಸಿಯ ಪದರದೊಳಗೂ. ಆ ಗುಳ್ಳೆಗಳು ಯೀಸ್ಟನ್ನು ಚೂರುಚೂರಾಗಿ ಎತ್ತಿಕೊಂಡು ಮೇಲೇರುತ್ತವೆ. ಪಕ್ಕಕ್ಕೆ ಟಾರ್ಚ್ ಹಿಡಿದರೆ ತಳದಿಂದ ಹೊಗೆಯೆದ್ದಂತೆ ಕಾಣುತ್ತದೆ. ಹಾಗಾದರೆ ಬಸಿಯುವುದನ್ನು ಬಿಟ್ಟು ಮಲಗಿ, ಬೆಳಗ್ಗೆ ನೋಡಿ.

ನಲ್ಲಿಯಿಂದ ಮೊದಲು ಬರುವ ಅರ್ಧ ಲೋಟದಲ್ಲಿ ನಲ್ಲಿಯೊಳಗೆ ಕೂತ ಯೀಸ್ಟ್ ಇರುತ್ತದೆ, ಚೆಲ್ಲಿ. ಎರಡನೇ ಲೋಟ ತಿಳಿಯಾಗಿದ್ದರೆ ಮಾತ್ರ ಟ್ಯೂಬ್ ಜೋಡಿಸಿ.

ಪಾಲಿಪಿನ್ ಆದರೆ ಸ್ಯಾನಿಟೈಸರ್ ಚೆಲ್ಲಿ ಚೀಲವನ್ನು ಪೂರ್ತಿ ಚಪ್ಪಟೆ ಮಾಡಿ, ಟ್ಯೂಬನ್ನು ತಳದವರೆಗೆ ಇಳಿಸಿ. ಬಿಯರ್ ತುಂಬಿದಂತೆ ಚೀಲ ಅರಳುತ್ತದೆ. ತುಂಬಿದ ಮೇಲೆ ಪಕ್ಕ ಒತ್ತಿ, ಬಾಯಿಯವರೆಗೆ ಬಿಯರ್ ಬಂದು ಗಾಳಿ ಪೂರ್ತಿ ಹೋದಾಗ ಮುಚ್ಚಿ.

ಕಾರ್ನಿ ಆದರೆ ಕೆಗ್ಗಿಗೆ ಸ್ಯಾನಿಟೈಸರ್ ತುಂಬಿ ಅದನ್ನು ಗ್ಯಾಸಿನಿಂದಲೇ ಹೊರತಳ್ಳಿ. ಒಳಗೆ ಉಳಿಯುವುದು ಬರೀ ಗ್ಯಾಸ್. ಬಿಯರ್ ಹೊರಬರುವ ಪೋಸ್ಟಿನ (ಕೊಳವೆ ಸಿಕ್ಕಿಸುವ ಬಾಯಿ) ಮೂಲಕವೇ ಒಳಗೆ ತುಂಬಿ, ಮೇಲಿನ ರಿಲೀಫ್ ವಾಲ್ವನ್ನು ಸ್ವಲ್ಪ ಸ್ವಲ್ಪ ಬಿಡುತ್ತಿರಿ. ಹೀಗೆ ತುಂಬಿದ ಬಿಯರಿಗೆ ಎರಡು ದಿನದ ಗಡುವು ಅನ್ವಯಿಸುವುದಿಲ್ಲ, ವಾರಗಟ್ಟಲೆ ಇರುತ್ತದೆ.

ಎರಡನೇ ಪ್ರೆಷರ್ ಬ್ಯಾರೆಲ್ ಏಕೆ ಕೊನೆಯ ಆಯ್ಕೆ ಎಂಬ ಲೆಕ್ಕ ಇಲ್ಲಿದೆ. 8 ಗ್ರಾಂ ಬಲ್ಬಿನಿಂದ ಬರುವುದು ಸುಮಾರು 4.4 ಲೀಟರ್ ಗ್ಯಾಸ್. ಮೇಲಿನ ಖಾಲಿ ಜಾಗವೂ ಸೇರಿ 25 ಲೀಟರಿನ ಪೀಪಾಯಿಯ ಗಾಳಿಯನ್ನು ಅದು ಓಡಿಸಲಾರದು, ಬೆರೆತುಹೋಗುತ್ತದೆ. ಮೂರು ಬಲ್ಬ್ ಹಾಕಿದರೂ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿಯುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಟ್ಯೂಬ್ ತಳ ಮುಟ್ಟಿಸಿ, ಆದಷ್ಟು ಅಂಚಿನ ಹತ್ತಿರಕ್ಕೆ ತುಂಬಿ, ಮೇಲೆ ಜಾಗ ಕಡಿಮೆ ಉಳಿಯುವಂತೆ ಮುಚ್ಚಿ.

ನಲ್ಲಿಯನ್ನು ಅರ್ಧ ಮಾತ್ರ ತೆರೆಯಿರಿ. 20 ಲೀಟರಿಗೆ 20 ನಿಮಿಷ ಬೇಕು. ಎರಡೂ ಪಾತ್ರೆಗಳ ತಾಪ ಒಂದೇ ಇರಲಿ, ಬೆಚ್ಚಗಿನ ಪಾತ್ರೆಗೆ ತಣ್ಣನೆಯ ಬಿಯರ್ ಬಿದ್ದರೆ ಎಲ್ಲ ನೊರೆಯಾಗುತ್ತದೆ. ಟ್ಯೂಬಿನ ಮೇಲೆ ಟಾರ್ಚ್ ಬೆಳಕು ಬಿದ್ದಿರಲಿ. ಮೊದಲ ಮಸುಕು ದಾರ ಕಂಡ ಕ್ಷಣ ನಲ್ಲಿ ಮುಚ್ಚಿ. ತಳದಲ್ಲಿ ಒಂದೂವರೆ, ಎರಡು ಲೀಟರ್ ಉಳಿಯುತ್ತದೆ. ಅದಕ್ಕೆ ಆಸೆಪಟ್ಟು ಪೀಪಾಯಿ ಬಗ್ಗಿಸುವವರು ಮೂರು ಪಿಂಟ್ ಉಳಿಸಲು ಹೋಗಿ ಮೂವತ್ತೈದು ಪಿಂಟ್ ಕಳೆಯುತ್ತಾರೆ.

## 9. ಕಾರಿನಲ್ಲಿ

ತುಂಬಿದ ಪೀಪಾಯಿ 25 ಕಿಲೋಗೂ ಹೆಚ್ಚು ಭಾರ. ಬ್ರೇಕ್ ಹಾಕಿದಾಗ ಅದು ಸಾಮಾನಲ್ಲ, ಗುಂಡು. ಡಿಕ್ಕಿಯಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ನೆಟ್ಟಗೆ ನಿಲ್ಲಿಸಿ, ಎರಡು ಪಟ್ಟಿಯಿಂದ ಕೊಕ್ಕೆಗಳಿಗೆ ಕಟ್ಟಿ. ಪಾಲಿಪಿನ್ನಿಗೆ ಮುಂದಿನ ಸೀಟಿನ ಹಿಂಬದಿಯ ಕಾಲಿಡುವ ಜಾಗ ಚೆನ್ನು. ನಲ್ಲಿ ಯಾವುದಕ್ಕೂ ತಾಗದಂತೆ ಒಳಮುಖವಾಗಿರಲಿ, ಅದರ ಹಿಡಿಕೆಗೆ ಟೇಪ್ ಸುತ್ತಿ. ದಾರಿಯಲ್ಲಿ ಒಂದು ಕೈಚೀಲ ಉರುಳಿ ಹಿಡಿಕೆ ಅರ್ಧ ತಿರುಗಿದರೆ ಸಾಕು.

ಶಾಖ ಮತ್ತು ಕುಲುಕಾಟ ಸೇರಿದರೆ ಕರಗಿದ ಗ್ಯಾಸ್ ಹೊರಬಂದು ಒತ್ತಡ ಏರುತ್ತದೆ. ಹೊರಡುವ ರಾತ್ರಿ ಬಿಯರನ್ನು ಬೇಕಾದ್ದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗೆ ಮಾಡಿ. ಸ್ಲೀಪಿಂಗ್ ಬ್ಯಾಗ್ ಸುತ್ತಿ, ಪಕ್ಕದಲ್ಲಿ ಟವೆಲ್ ಸುತ್ತಿದ ಎರಡು ಮಂಜುಗಡ್ಡೆಯ ಬಾಟಲಿ ಇಡಿ. ಬಿಸಿಲಿನಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಕೂರಬೇಡಿ. ಪಾಲಿಪಿನ್ ಬಿಗಿಯಾಗಿ ಉಬ್ಬಿದ್ದರೆ ನಲ್ಲಿ ಮೇಲೆ ಬರುವಂತೆ ತಿರುಗಿಸಿ, ಒಂದು ಕ್ಷಣ ತೆರೆದು ಗ್ಯಾಸ್ ಬಿಡಿ.

ಗ್ಯಾಸ್ ಸಿಲಿಂಡರ್ ಒಯ್ಯುತ್ತಿದ್ದರೆ ರೆಗ್ಯುಲೇಟರ್ ಬಿಚ್ಚಿಡಿ, ಸಿಲಿಂಡರ್ ಉರುಳದಂತೆ ಕಟ್ಟಿ, ಒಂದು ಕಿಟಕಿ ಎರಡು ಬೆರಳಷ್ಟು ಇಳಿಸಿರಿ. ಕಾರ್ಬನ್ ಡೈಆಕ್ಸೈಡಿಗೆ ವಾಸನೆಯಿಲ್ಲ. ಮುಚ್ಚಿದ ಕಾರಿನಲ್ಲಿ ಸೋರಿದರೆ ಮೊದಲು ತಲೆನೋವು, ಮಂಪರು, ಉಸಿರಾಟದ ವೇಗ. ಇವು ಕಂಡರೆ ಕಾರು ನಿಲ್ಲಿಸಿ ಎಲ್ಲರೂ ಕೆಳಗಿಳಿಯಿರಿ.

## 10. ಗಸಿ ದಾರಿ ಹಿಡಿದವರಿಗೆ

ಪ್ಲಾಸ್ಟಿಕ್ ಪೀಪಾಯಿ ಆದರೆ ಹೊರಡುವ ಮುನ್ನ ಐಸಿಂಗ್ಲಾಸ್ ಹಾಕಿ, ಧೈರ್ಯವಾಗಿ ಕುಲುಕಿಸಿಕೊಂಡು ಹೋಗಿ. ದಾರಿಯ ಕುಲುಕಾಟವೇ ಕಲಸುವ ಕೆಲಸ ಮಾಡುತ್ತದೆ. ಗುರುವಾರ ತಲುಪಿಸಿ, 11–13 ಡಿಗ್ರಿಯ ಮೂಲೆಯಲ್ಲಿ, ಸುರಿಯುವ ಎತ್ತರದಲ್ಲೇ ಕೂರಿಸಿ, ಮೇಲೆ ಒಂದು ಚೀಟಿ ಅಂಟಿಸಿ: ಮುಟ್ಟಬೇಡಿ. ಮಕ್ಕಳಿಗಿಂತ ಹೆಚ್ಚಾಗಿ ಇದನ್ನು ಜಾಗ ಮಾಡುತ್ತೇನೆಂದು ಸರಿಸುವ ಹಿರಿಯರಿಗೆ ಹೇಳಬೇಕಾಗುತ್ತದೆ.

ನಿಜವಾದ ಕಾಸ್ಕ್, ಅಂದರೆ 4.5 ಗ್ಯಾಲನಿನ ಪಿನ್ ಇದ್ದರೆ, ಗುರುವಾರ ಅದನ್ನು ಅಡ್ಡ ಮಲಗಿಸಿ ಮೂರು ಬೆಣೆ ಕೊಟ್ಟು ಕೂರಿಸಿ. ಕೆಲವು ಗಂಟೆ ಬಿಟ್ಟು ಮೇಲಿನ ಶೈವ್ ಬಿರಡೆಗೆ ಮೆದು ಸ್ಪೈಲ್ (ಗ್ಯಾಸ್ ಹಾಯಲು ಬಿಡುವ ಮರದ ಮೊಳೆ) ಹೊಡೆಯಿರಿ, ಹೆಚ್ಚಿನ ಗ್ಯಾಸ್ ಅದರ ಮೂಲಕ ನೊರೆಯಾಗಿ ಬರುತ್ತದೆ. ನೊರೆ ನಿಂತ ಮೇಲೆ ಗ್ಯಾಸ್ ತಡೆಯುವ ಗಟ್ಟಿ ಸ್ಪೈಲ್. ಶುಕ್ರವಾರ ಕೀಸ್ಟೋನ್ (ನಲ್ಲಿ ಕೂರಿಸುವ ಮುಂಬದಿಯ ಬಿರಡೆ) ಒರೆಸಿ ಶುದ್ಧ ಮಾಡಿ, ಮುಚ್ಚಿದ ನಲ್ಲಿಯನ್ನು ಅದರೊಳಕ್ಕೆ ರಬ್ಬರ್ ಸುತ್ತಿಗೆಯ ಒಂದೇ ದೃಢ ಪೆಟ್ಟಿನಿಂದ ಹೊಡೆಯಿರಿ. ಅಂಜುತ್ತ ನಾಲ್ಕು ಸಲ ಕುಟ್ಟಿದರೆ ಬಿಯರಿನ ಸ್ನಾನ ಖಚಿತ. ಸುರಿಯುವಾಗ ಸ್ಪೈಲ್ ಸಡಿಲಿಸಿ, ನಿಲ್ಲಿಸಿದಾಗ ಬಿಗಿಮಾಡಿ. ಗಾಳಿ ಒಳಗೆ ಹೋಗುವುದರಿಂದ ಮೂರು ದಿನದೊಳಗೆ ಮುಗಿಸಬೇಕು.

## 11. ಸುರಿಯುವಾಗ

ತಿಳಿ ದಾರಿಯ ಪೀಪಾಯಿಗೂ ಅರ್ಧ ಗಂಟೆ ವಿಶ್ರಾಂತಿ ಕೊಡಿ. ಬಿಯರ್ ತಿಳಿಯಾಗಿಯೇ ಇರುತ್ತದೆ, ಗ್ಯಾಸ್ ಶಾಂತವಾಗಬೇಕು. ಮೊದಲ ಅರ್ಧ ಪಿಂಟ್ ನಿಮ್ಮ ಪಾಲಿನದು, ನೋಡಿ, ಮೂಸಿ, ಕುಡಿಯಿರಿ.

ಪ್ರೆಷರ್ ಬ್ಯಾರೆಲ್ ಒಯ್ದಿದ್ದರೆ ಮೇಲಿನ ಬಲ್ಬಿನ ಲೆಕ್ಕವೇ ಇಲ್ಲೂ. ಹೊರಗೆ ಹೋದ ಪ್ರತಿ ಲೀಟರ್ ಬಿಯರಿನ ಜಾಗಕ್ಕೆ ಒಂದು ಲೀಟರ್ ಗ್ಯಾಸ್ ಬೇಕು. ಒಂದು ಬಲ್ಬ್ ಮೂರು, ನಾಲ್ಕು ಲೀಟರಿಗೆ ಆಗುತ್ತದೆ. ಧಾರೆ ಸಣ್ಣಗಾದಾಗಲೇ ಬಲ್ಬ್ ಕೊಡಿ. ನಲ್ಲಿ ಗುಳುಗುಳು ಎಂದರೆ ಅದರ ಮೂಲಕ ಗಾಳಿ ಒಳಗೆ ಹೋಗುತ್ತಿದೆ, ತಳದಲ್ಲಿ ಏನಾದರೂ ಗಸಿ ಇದ್ದರೆ ಅದನ್ನೂ ಕದಡುತ್ತಿದೆ. 20 ಲೀಟರಿಗೆ ಐದಾರು ಬಲ್ಬ್ ಜೇಬಿನಲ್ಲಿರಲಿ. ಒಂದರ ಹಿಂದೊಂದು ಎರಡು ಚುಚ್ಚಬೇಡಿ, ಬಲ್ಬ್ ಹೋಲ್ಡರ್ ಮಂಜು ಹಿಡಿದು ವಾಷರ್ ಸೋರುತ್ತದೆ.

ಲೋಟ ತೊಳೆದ ಸೋಪು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಆಗ ಬಿಯರನ್ನು ದೂರಬೇಡಿ. ಕಾರು ಓಡಿಸಿಕೊಂಡು ಬಂದವರು ಅದೇ ರಾತ್ರಿ ಮರಳುವುದಾದರೆ ಆ ಅರ್ಧ ಪಿಂಟನ್ನೂ ಬೇರೆಯವರಿಗೆ ಕೊಡಿ.

## 12. ಈ ಚಿಹ್ನೆ ಕಂಡರೆ ನಿಲ್ಲಿ

ಪೀಪಾಯಿಯ ತಳ ಉಬ್ಬಿ ನೆಲದ ಮೇಲೆ ತೂಗಾಡುತ್ತಿದ್ದರೆ ಒತ್ತಡ ಅತಿಯಾಗಿದೆ. ಮುಖ ದೂರವಿಟ್ಟು ವಾಲ್ವಿನಿಂದ ನಿಧಾನವಾಗಿ ಗ್ಯಾಸ್ ಬಿಡಿ, ಮುಚ್ಚಳ ತಿರುಗಿಸಬೇಡಿ. ಬಸಿದ ತಿಳಿ ಬಿಯರಿನಲ್ಲಿ ಒತ್ತಡ ದಿನವೂ ತಾನಾಗಿ ಏರುತ್ತಿದ್ದರೆ ಹುದುಗುವುದು ಮುಗಿದಿರಲಿಲ್ಲ, ಅಥವಾ ಬೇರೆ ಯಾವುದೋ ಜೀವಿ ಸೇರಿದೆ. ಮೇಲೆ ಬಿಳಿ ಪೊರೆ, ಬಾಯಲ್ಲಿ ವಿನೆಗರ್ ಹುಳಿ, ಸುರಿದಾಗ ಎಣ್ಣೆಯಂತೆ ನೂಲು: ಮೂರರಲ್ಲಿ ಯಾವುದು ಕಂಡರೂ ಆ ಬಿಯರ್ ಚರಂಡಿಗೆ. ಒದ್ದೆ ರಟ್ಟಿನ ರುಚಿ ಬಂದರೆ ಅದು ಬಸಿಯುವಾಗ ಸೇರಿದ ಗಾಳಿ, ಅಪಾಯವಿಲ್ಲ, ಆದರೆ ನಾಳೆಗೆ ಇನ್ನೂ ಕೆಡುತ್ತದೆ, ಇವತ್ತೇ ಮುಗಿಸಿ.

ಮನೆಗೆ ಮರಳಿದ ರಾತ್ರಿಯೇ ಎರಡೂ ಪೀಪಾಯಿ ತೊಳೆಯಿರಿ. ಒಣಗಿದ ಯೀಸ್ಟ್ ಕಲ್ಲಿನಂತೆ ಹಿಡಿಯುತ್ತದೆ, ಉಜ್ಜುವ ಸ್ಕ್ರಬ್ಬರ್ ಪ್ಲಾಸ್ಟಿಕ್ಕಿನಲ್ಲಿ ಗೀರು ಮಾಡುತ್ತದೆ, ಆ ಗೀರಿನಲ್ಲಿ ಮುಂದಿನ ಬಿಯರಿನ ಸೋಂಕು ಮನೆ ಮಾಡುತ್ತದೆ. ಸೋಡಿಯಂ ಪರ್ಕಾರ್ಬೊನೇಟ್ ಬೆರೆಸಿದ ಬೆಚ್ಚನೆಯ ನೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಉಜ್ಜುವ ಅಗತ್ಯವೇ ಇಲ್ಲ. ನಲ್ಲಿ ಬಿಚ್ಚಿ ಒಳಗಿನ ತಿರುಗುವ ತುಂಡನ್ನು ಹೊರತೆಗೆದು ತೊಳೆಯಿರಿ, ವಾಷರುಗಳನ್ನು ಒಣಗಿಸಿ, ಮುಚ್ಚಳವನ್ನು ಸಡಿಲವಾಗಿಟ್ಟು ಪೀಪಾಯಿ ಎತ್ತಿಡಿ.